ಬೆಟ್ಟಾ ಮೀನಿಗೆ ಬಟ್ಟಲು ಸಾಲದು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮನೆ ಅಲಂಕಾರದ ಪುಟ ನೋಡಿದೆ. ಮೇಜಿನ ಮೇಲೆ ಪುಟ್ಟ ಗಾಜಿನ ಬಟ್ಟಲು, ತಳದಲ್ಲಿ ಬಣ್ಣದ ಗೋಲಿಗಳು, ನಡುವೆ ಒಂದು ನೀಲಿ ಬೆಟ್ಟಾ ಮೀನು. ಕೆಳಗೆ ಒಂದು ಸಾಲು: 'ಫಿಲ್ಟರ್ ಬೇಡ, ಪಂಪ್ ಬೇಡ, ಜಾಗವೂ ಬೇಡ.' ಚಿತ್ರವೇನೋ ಚೆನ್ನಾಗಿತ್ತು. ಆದರೆ ಆ ಸಾಲು ಓದಿ ಸುಮ್ನೆ ಕೂರಲು ಆಗಲಿಲ್ಲ. ಇದೇ ಮಾತು ನಂಬಿ ನಾನು ಒಂದು ಮೀನನ್ನು ಕೊಂದಿದ್ದೇನೆ.

ನನ್ನದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಪಕ್ಕದ ಮೇಜಿನ ಗೆಳತಿ ಕೆಲಸ ಬಿಟ್ಟು ಹೋಗುವಾಗ ತನ್ನ ಕೆಂಪು ಬೆಟ್ಟಾವನ್ನು ಬಟ್ಟಲಿನ ಸಮೇತ ನನಗೆ ಒಪ್ಪಿಸಿದಳು. ಎರಡು ಲೀಟರ್ ನೀರು ಹಿಡಿಯುತ್ತಿತ್ತು, ಅಷ್ಟೇ. 'ಇದು ಗಾಳಿ ಕುಡಿಯೋ ಮೀನು ಕಣೇ, ಏನೂ ಬೇಕಾಗಿಲ್ಲ. ವಾರಕ್ಕೊಮ್ಮೆ ನೀರು ಬದಲಾಯಿಸು ಸಾಕು' ಅಂದಳು. ನಾನು ಸ್ವಲ್ಪ ಜಾಸ್ತಿಯೇ ಶಿಸ್ತಿನವಳು. ಪ್ರತಿ ಸೋಮವಾರ ನೀರನ್ನೆಲ್ಲ ಚೆಲ್ಲಿ, ಬಟ್ಟಲು, ಗೋಲಿ ಎಲ್ಲವನ್ನೂ ಸೋಪು ಹಾಕಿ ತಿಕ್ಕಿ ತೊಳೆದು, ನಲ್ಲಿ ನೀರು ತುಂಬಿಸಿ ಮೀನನ್ನು ಮತ್ತೆ ಬಿಡುತ್ತಿದ್ದೆ. ಗಾಜು ಫಳಫಳ ಹೊಳೆಯುತ್ತಿತ್ತು. ನೋಡಿದವರೆಲ್ಲ ಹೊಗಳಿದರು.

ಐದನೇ ವಾರಕ್ಕೆ ಬಾಲದ ಅಂಚು ಬೆಂಕಿಗೆ ಹಿಡಿದ ಕಾಗದದ ಹಾಗೆ ಕಪ್ಪಾಗಿ ಮುದುಡಿತು. ಆಮೇಲೆ ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಗೋಲಿಗಳ ನಡುವೆ ಒರಗಿ ಮಲಗತೊಡಗಿತು. ಗಾಳಿ ಬೇಕಾದಾಗ ಮಾತ್ರ ಕಷ್ಟಪಟ್ಟು ಮೇಲೆ ಬಂದು ಮತ್ತೆ ಕೆಳಗೆ ಇಳಿಯುತ್ತಿತ್ತು. ಅಷ್ಟರಲ್ಲೇ ಒಂದು ಬೆಳಿಗ್ಗೆ ನೀರಿನ ಮೇಲೆ ಸಣ್ಣ ಗುಳ್ಳೆಗಳ ಗೂಡು ಕಟ್ಟಿತ್ತು. ಗೂಡು ಕಟ್ಟಿದರೆ ಮೀನು ಖುಷಿಯಾಗಿದೆ ಅಂತ ಯಾರೋ ಹೇಳಿದ್ದರು, ಎಲ್ಲರನ್ನೂ ಕರೆದು ತೋರಿಸಿದೆ. ಮೊಟ್ಟೆಗೋಸ್ಕರ ಗೂಡು ಕಟ್ಟುವುದು ಗಂಡು ಬೆಟ್ಟಾದ ಹುಟ್ಟುಗುಣ, ಕಷ್ಟದಲ್ಲಿದ್ದರೂ ಕಟ್ಟುತ್ತದೆ ಅಂತ ಆಗ ಗೊತ್ತಿರಲಿಲ್ಲ. ಗೂಡು ಕಟ್ಟಿದ ಹತ್ತನೇ ದಿನಕ್ಕೆ ಅದು ಸತ್ತಿತು.

ಮೀನು ಸಾಕುವ ಗೆಳೆಯರೊಬ್ಬರು ಮಾರನೇ ದಿನ ನೀರು ಪರೀಕ್ಷೆ ಮಾಡುವ ಕಿಟ್ ತಂದರು. 'ನೀರು ಎಷ್ಟು ತಿಳಿಯಾಗಿದೆ ನೋಡಿ, ಇದರಲ್ಲಿ ಏನಿರತ್ತೆ' ಅಂತ ನಾನು ವಾದ ಮಾಡುತ್ತಿರುವಾಗಲೇ ಅವರು ಟ್ಯೂಬಿಗೆ ನೀರು ತುಂಬಿ ಹನಿ ಹಾಕಿದರು. ಹಳದಿ ಇರಬೇಕಿತ್ತು. ಕಣ್ಣೆದುರೇ ಕಡು ಹಸಿರಾಯಿತು. ಅಮೋನಿಯಾ. ಅದಕ್ಕೆ ಬಣ್ಣವಿಲ್ಲ, ಹಾಗಾಗಿ ಕಣ್ಣಿಗೆ ಕಾಣುವುದಿಲ್ಲ.

ಲೆಕ್ಕದವಳ ಭಾಷೆಯಲ್ಲೇ ಹೇಳುತ್ತೇನೆ. ಮೀನು ತನ್ನ ಕಿವಿರುಗಳಿಂದ ಅಮೋನಿಯಾವನ್ನು ಸದಾ ನೀರಿಗೆ ಬಿಡುತ್ತಲೇ ಇರುತ್ತದೆ. ಉಳಿದ ಆಹಾರ, ಹಿಕ್ಕೆ ಕೊಳೆತರೂ ಅದೇ. ದಿನವೂ ಜಮಾ, ಖರ್ಚು ಮಾತ್ರ ಸೊನ್ನೆ. ಖರ್ಚಿನ ಕಡೆ ನೋಡಿಕೊಳ್ಳುವುದು ಬ್ಯಾಕ್ಟೀರಿಯಾ. ಒಂದು ಜಾತಿಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ, ಅದರ ಕಾಟ ಕಡಿಮೆ, ನೀರು ಬದಲಾಯಿಸಿದರೆ ಹೋಗುತ್ತದೆ. ಇವು ಹೆಚ್ಚಾಗಿ ಸ್ಪಂಜು, ಕಲ್ಲು, ಗಾಜಿಗೆ ಅಂಟಿಕೊಂಡೇ ಬದುಕುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನೋ, ಪ್ರತಿ ಸೋಮವಾರ ಅವನ್ನೇ ಸೋಪು ಹಾಕಿ ತಿಕ್ಕುತ್ತಿದ್ದೆ. ಸಾಲದ್ದಕ್ಕೆ ನಲ್ಲಿ ನೀರಿನ ಕ್ಲೋರಿನ್ ಬೇರೆ.

ಬೆಟ್ಟಾ ಗಾಳಿ ಕುಡಿಯುವುದು ನಿಜ. ಕಿವಿರಿನ ಮೇಲೆ ಮಡಿಕೆ ಮಡಿಕೆಯಾದ ಒಂದು ಅಂಗವಿದೆ, ಅದಕ್ಕೆ ಲ್ಯಾಬಿರಿಂತ್ ಅನ್ನುತ್ತಾರೆ. ಮೇಲೆ ಬಂದು ಗುಟುಕರಿಸಿದ ಗಾಳಿಯಿಂದ ಆಮ್ಲಜನಕ ಹೀರುವುದು ಅದರ ಕೆಲಸ. ಆದರೆ ಕಿವಿರು ಇಡೀ ದಿನ ನೆನೆಯುವುದು ಆ ನೀರಿನಲ್ಲೇ ಅಲ್ವಾ? ಕಿಟಕಿಗೆ ಮೂಗು ಚಾಚಿದರೆ ಒಳ್ಳೆ ಗಾಳಿ ಸಿಗುತ್ತದೆ ಅಂತ ಯಾರಾದರೂ ಕಕ್ಕಸಿನಲ್ಲಿ ಸಂಸಾರ ಹೂಡುತ್ತಾರಾ?

'ಅದು ಹುಟ್ಟಿದ ಊರಲ್ಲೂ ಕೊಚ್ಚೆ ಗುಂಡಿಯಲ್ಲೇ ಇರತ್ತಂತೆ' ಅನ್ನುವವರೂ ಇದ್ದಾರೆ. ಅದರ ಮೂಲ ಥಾಯ್ಲೆಂಡ್. 2019ರಲ್ಲಿ ಆ ದೇಶ ಅದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಅಲ್ಲಿ ಅದು ಇರುವುದು ಭತ್ತದ ಗದ್ದೆ, ಜೌಗುಗಳಲ್ಲಿ. ನೀರು ಆಳವಿಲ್ಲ ನಿಜ, ಆದರೆ ಎಷ್ಟೋ ದೂರ ಹರಡಿರುತ್ತದೆ, ಗಿಡಗಂಟಿ ಇರುತ್ತದೆ. ಬೇಸಿಗೆಯಲ್ಲಿ ನೀರು ಬತ್ತಿ ಗುಂಡಿಯಲ್ಲಿ ಸಿಕ್ಕಿಕೊಂಡರೆ ಮಳೆ ಬರುವ ತನಕ ಹೇಗೋ ಜೀವ ಹಿಡಿದುಕೊಳ್ಳುತ್ತದೆ. ಅದರ ಕಷ್ಟಕಾಲವನ್ನೇ ನಾವು ಕಾಯಂ ವಿಳಾಸ ಮಾಡಿಬಿಟ್ಟಿದ್ದೇವೆ.

ಒಂದು ವರ್ಷ ಬಿಟ್ಟು ಇನ್ನೊಂದು ಬೆಟ್ಟಾ ತಂದೆ. ಈ ಸಲ ಮೊದಲು ತೊಟ್ಟಿ, ಆಮೇಲೆ ಮೀನು. 20 ಲೀಟರಿನದು, ಮೇಲೆ ಮುಚ್ಚಳ (ಈ ಮಹಾರಾಯ ಹಾರುತ್ತಾನೆ), ಒಳಗೆ ಒಂದು ಸ್ಪಂಜ್ ಫಿಲ್ಟರ್. ಉದ್ದ ರೆಕ್ಕೆಯ ಮೀನಿಗೆ ನೀರಿನ ಸೆಳೆತ ಆಗುವುದಿಲ್ಲ, ಸ್ಪಂಜಿನದು ಮೆಲ್ಲಗೆ ಗುಳ್ಳೆ ಬಿಡುತ್ತದೆ. ನೀರು 26 ಡಿಗ್ರಿ ಆಸುಪಾಸು ಇರುವ ಹಾಗೆ ಪುಟ್ಟ ಹೀಟರ್. ಎರಡು ಲೀಟರ್ ಬಟ್ಟಲು ಎಸಿ ರೂಮಿನಲ್ಲಿ ರಾತ್ರಿ ಹೊತ್ತಿಗೆ ತಣ್ಣಗಾಗಿಬಿಡುತ್ತಿತ್ತು, ಆಗ ಅದೂ ಹೊಳೆದಿರಲಿಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು. ಸ್ಪಂಜನ್ನು ತೊಟ್ಟಿಯಿಂದ ಹೊರತೆಗೆದ ಹಳೇ ನೀರಿನಲ್ಲೇ ಹಿಂಡುತ್ತೇನೆ, ನಲ್ಲಿ ಕೆಳಗೆ ಹಿಡಿಯುವುದಿಲ್ಲ. ನಿಜ ಹೇಳಬೇಕಂದ್ರೆ ಬಟ್ಟಲಿಗಿಂತ ಇದಕ್ಕೇ ಕೆಲಸ ಕಡಿಮೆ. ಎರಡು ವರ್ಷ ದಾಟಿತು. ರಾತ್ರಿ ದೀಪ ಆರಿಸಿದ ಮೇಲೆ ಅಗಲದ ಎಲೆಯ ಮೇಲೆ ಮಲಗುತ್ತಾನೆ. ನಡುನಡುವೆ ಎದ್ದು ಗಾಳಿ ಕುಡಿದಾಗ ಕತ್ತಲಲ್ಲಿ 'ಟಪ್' ಅಂತ ಸಣ್ಣ ಸದ್ದು.

ಫಿಲ್ಟರ್ ಇಲ್ಲದೆ ಬೆಟ್ಟಾ ಸಾಕುವ ಜಾಣರೂ ಇದ್ದಾರೆ, ನಾನು ಒಪ್ಪುತ್ತೇನೆ. ಅವರದು ದೊಡ್ಡ ತೊಟ್ಟಿ, ತುಂಬ ಗಿಡ, ಕೈಯಲ್ಲಿ ಸದಾ ಪರೀಕ್ಷೆಯ ಕಿಟ್. ನಿಮ್ಮ ಪುಟ ಹೇಳಿದ್ದು ಅದನ್ನಲ್ಲ. ಎರಡು ಲೀಟರಿನಲ್ಲಿ ಫಿಲ್ಟರ್ ಬೇಡ ಅಂದರೆ ಮನೆಯವರೇ ಫಿಲ್ಟರ್ ಆಗಬೇಕಾಗುತ್ತದೆ.

ನಿಮ್ಮ ಪುಟ ನೋಡಿ ಯಾರಾದರೂ ಈಗಾಗಲೇ ಬಟ್ಟಲು ತಂದಿದ್ದರೆ ಇಷ್ಟನ್ನಾದರೂ ಅಚ್ಚು ಹಾಕಿ: ದೊಡ್ಡ ತೊಟ್ಟಿ ಬರುವವರೆಗೆ ಆಹಾರ ಕಡಿಮೆ ಮಾಡಿ, ದಿನವೂ ಮೂರನೇ ಒಂದು ಭಾಗ ನೀರು ಬದಲಾಯಿಸಿ. ಹಾಕುವ ನೀರಿನ ಕ್ಲೋರಿನ್ ತೆಗೆದಿರಲಿ, ಅಷ್ಟೇ ಬೆಚ್ಚಗಿರಲಿ. ಸೋಪು ಮುಟ್ಟಿಸಬೇಡಿ.

ಅಂದ ಹಾಗೆ, ನಿಮ್ಮ ಚಿತ್ರದ ನೀಲಿ ಮೀನಿನ ಬಾಲದ ಅಂಚು ಕಪ್ಪಗಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ಅದರ ಬಣ್ಣವೇ ಹಾಗೋ, ಅಚ್ಚಿನ ಮಸಿಯೋ ಗೊತ್ತಾಗಲಿಲ್ಲ. ಚಿತ್ರ ತೆಗೆದವರನ್ನು ಒಮ್ಮೆ ಕೇಳಿ ನೋಡುತ್ತೀರಾ?

ಇಂತಿ,
ನಿಮ್ಮ ಓದುಗಳು