ಮಂಚ ಹೊತ್ತು ತರುವವರ ಬಗ್ಗೆ ಪೋಷಕರಿಗೊಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ.

ದಸರಾ ರಜೆ ಹತ್ತಿರ ಬಂತು. ಧೂಳು ಹೊಡೆಯುವುದು, ಅಟ್ಟ ಖಾಲಿ ಮಾಡುವುದು ಎಲ್ಲರ ಮನೆಯಲ್ಲೂ ಶುರುವಾಗಿರುತ್ತದೆ. "ಮೇಡಂ, ಹಳೆ ಮಂಚ ಒಂದಿದೆ, ಯಾರಿಗಾದರೂ ಬೇಕಾ?" ಎಂದು ನಿಮ್ಮಲ್ಲಿ ಆರೇಳು ಮಂದಿ ಈಗಾಗಲೇ ಗೇಟಿನ ಹತ್ತಿರ ಕೇಳಿದ್ದೀರಿ. ಬೇಕು, ಖಂಡಿತ ಬೇಕು. ಆದರೆ ಅದಕ್ಕೆ ಮೊದಲು ನಾಲ್ಕು ಜನರ ಬಗ್ಗೆ ನಿಮಗೆ ಹೇಳಬೇಕು. ನಿಮ್ಮ ಮನೆಯಿಂದ ಆ ಮಂಚ ಇಳಿಸಿ, ಇನ್ನೊಂದು ಮನೆಗೆ ಸೇರಿಸುವವರು ಅವರೇ. ಒಬ್ಬರು ಡ್ರೈವರ್, ಒಬ್ಬರು ಬಡಗಿ ಆಚಾರ್ರು, ಇಬ್ಬರು ಲೋಡಿಂಗ್ ಹುಡುಗರು.

ನಮಗೂ ಇವರಿಗೂ ಪರಿಚಯ ಆಗಿದ್ದು 2022ರ ಮಳೆಯಿಂದ. ಆ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಹದೇವಪುರ, ಬೆಳ್ಳಂದೂರು ಕಡೆ ನೀರು ನುಗ್ಗಿದ್ದು ನಿಮಗೆಲ್ಲ ನೆನಪಿದೆ. ಟ್ರ್ಯಾಕ್ಟರ್ ಮೇಲೆ ಕೂತು ಆಫೀಸಿಗೆ ಹೋದವರ ಫೋಟೋ ಎಲ್ಲ ಕಡೆ ಬಂತು. ಶೀಟ್ ಮನೆಗಳಲ್ಲಿ ಇದ್ದವರ ಸುದ್ದಿ ಅಷ್ಟು ಬರಲಿಲ್ಲ. ನಮ್ಮ ಶಾಲೆಯ ಎಷ್ಟೋ ಮಕ್ಕಳ ಮನೆಯಲ್ಲಿ ಹಾಸಿಗೆ, ಪುಸ್ತಕ, ಅಕ್ಕಿ ಮೂಟೆ ಎಲ್ಲಾ ಒದ್ದೆ. ಪಾರ್ಟಿಕಲ್ ಬೋರ್ಡಿನ ಟೇಬಲ್ಲು, ಕಪಾಟು ನೀರು ಕುಡಿದು ಬ್ರೆಡ್ಡಿನ ಹಾಗೆ ಉಬ್ಬಿ ಕೈಗೆ ಬಂತು. ಆಗ ನೀವೆಲ್ಲ ಮನಸಾರೆ ಕೊಟ್ಟಿರಿ. ಅದನ್ನು ಹಂಚುವುದು ಹೇಗೆ ಅಂತ ನಮಗೆ ಗೊತ್ತಾಗದೆ ಕೂತಾಗ ಈ ತಂಡ ಬಂತು.

ಕಳೆದ ತಿಂಗಳು ಒಂದು ಶನಿವಾರ ನನ್ನ ಸ್ಕೂಟರ್‌ನಲ್ಲಿ ಇಡೀ ದಿನ ಇವರ ಗಾಡಿಯ ಹಿಂದೆಯೇ ಓಡಾಡಿದೆ. ಇಷ್ಟು ವರ್ಷ ಫೋನಿನಲ್ಲೇ ಮಾತಾಡಿದ್ದೆ. ಸಾಮಾನು ಸಾಗಿಸುವುದು ಅಂದರೆ ಬರೀ ತೋಳಿನ ಕೆಲಸ ಅಂದುಕೊಂಡಿದ್ದೆ.

ಮೊದಲ ಮನೆ ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿ. ಹೊನ್ನೆ ಮರದ ಹಳೇ ಮಂಚ, ಒಂದು ಸ್ಟೀಲ್ ಬೀರು. ಆಚಾರ್ರು ಮಂಚದ ಸುತ್ತ ಒಂದು ಸುತ್ತು ಬಂದರು. ಕೈಯಲ್ಲಿ ತಟ್ಟಿದರು, ಬಗ್ಗಿ ಅಡಿಗೆ ಟಾರ್ಚ್ ಬಿಟ್ಟರು. ಹುಳ ಹಿಡಿದಿದೆಯಾ, ಸಂದಿಯಲ್ಲಿ ತಿಗಣೆ ಇದೆಯಾ ಅಂತ ನೋಡಿದ್ದು. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು ಒಂದೊಂದು ತುಂಡಿನ ಮೇಲೂ ಗುರುತು ಹಾಕಿದರು. ತಲೆ ಕಡೆ ಎಡ, ತಲೆ ಕಡೆ ಬಲ, ಕಾಲು ಕಡೆ ಎಡ. ನಮ್ಮ ಶಾಲೆಯಲ್ಲಿ ದಿನಾ ಬಳಸುವ ಸೀಮೆಸುಣ್ಣವೇ ಅದು, ನೋಡಿ ಖುಷಿಯಾಯಿತು. ಬಿಚ್ಚಿದ ಬೋಲ್ಟು, ನಟ್ಟು, ವಾಷರ್ ಎಲ್ಲವನ್ನೂ ಒಂದು ಬಟ್ಟೆ ಚೀಲಕ್ಕೆ ಹಾಕಿ, ಆ ಚೀಲವನ್ನು ಮಂಚದ ಕಾಲಿಗೇ ಕಟ್ಟಿದರು. "ಒಂದು ಬೋಲ್ಟ್ ಕಳೆದರೆ ಆ ಮಂಚ ಸೌದೆ, ಮೇಡಂ" ಎಂದರು.

ಬೀರು ಇಳಿಸುವುದೇ ಕಷ್ಟದ್ದು. ಒಳ್ಳೆ ಸ್ಟೀಲಿನ ಬೀರು ಅಂದರೆ 60-70 ಕೆ.ಜಿ. ಸುಲಭವಾಗಿ ತೂಗುತ್ತದೆ. ವಯಸ್ಕ ಗಂಡಸೊಬ್ಬ ಎತ್ತುವ ಭಾರ 55 ಕೆ.ಜಿ. ದಾಟಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಸಲಹೆ ಕೊಟ್ಟಿದೆ. ಹುಡುಗರಿಗೆ ಆ ಲೆಕ್ಕ ಗೊತ್ತಿತ್ತೋ ಇಲ್ಲವೋ, ಬೀರುವನ್ನು ಒಬ್ಬರೇ ಮುಟ್ಟುವ ಹಾಗಿಲ್ಲ ಅನ್ನುವುದು ಅವರ ನಿಯಮ. ಒಳಗಿನ ಹಲಗೆಗಳನ್ನೆಲ್ಲ ಮೊದಲು ತೆಗೆದರು. ಬಾಗಿಲು ತೆರೆಯದ ಹಾಗೆ ಹಗ್ಗ ಕಟ್ಟಿದರು. ಮೂಲೆಗಳಿಗೆ ಗೋಣಿಚೀಲ ಸುತ್ತಿದರು. ಕೆಳಗಿನ ಮೆಟ್ಟಿಲಲ್ಲಿ ನಿಂತವನ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಹಾಗಾಗಿ ಪ್ರತಿ ಮಹಡಿಯ ತಿರುವಿನಲ್ಲೂ ಇಳಿಸಿ, ಇಬ್ಬರೂ ಜಾಗ ಬದಲಾಯಿಸಿಕೊಂಡರು. ಯಾರೂ ಹೇಳಬೇಕಾಗಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕಟ್ಟಡದಲ್ಲಿ ಲಿಫ್ಟ್ ಇತ್ತು. ಬೀರು ಹಿಡಿಸುವಷ್ಟು ದೊಡ್ಡದೇ ಇತ್ತು. "ಲೋಡಿಂಗ್‌ನವರು ಲಿಫ್ಟ್ ಬಳಸೋ ಹಾಗಿಲ್ಲ" ಅಂತ ಕಟ್ಟಡದವರು ಹೇಳಿದರು. ನಾನು ವಾದ ಮಾಡಲು ಹೋದೆ. ಡ್ರೈವರ್ ಅಣ್ಣನೇ ನನ್ನನ್ನು ತಡೆದರು. "ಬಿಡಿ ಮೇಡಂ, ಜಗಳ ಆದರೆ ಮುಂದಿನ ಸಲ ಈ ಗೇಟಿನಿಂದ ಸಾಮಾನು ಬರಲ್ಲ." ನನಗೆ ತುಂಬಾ ಬೇಜಾರಾಯಿತು. ನೀವು ಸಾಮಾನು ಕೊಡುವವರಾದರೆ ದಯವಿಟ್ಟು ಹಿಂದಿನ ದಿನವೇ ನಿಮ್ಮ ಅಸೋಸಿಯೇಷನ್ ಹತ್ತಿರ ಮಾತಾಡಿ ಲಿಫ್ಟಿಗೆ ಅನುಮತಿ ತೆಗೆದಿಡಿ. ನಿಮಗೆ ಒಂದು ಫೋನ್ ಕಾಲ್, ಅವರಿಗೆ ನಾಲ್ಕು ಮಹಡಿ.

ಮಧ್ಯಾಹ್ನ ಆ ಮಂಚ ಹೋಗಿದ್ದು ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಒಂದು ಕುಟುಂಬಕ್ಕೆ. ತಗಡಿನ ಮನೆ, ಒಂದೇ ಕೋಣೆ. ಡ್ರೈವರ್ ಅಣ್ಣ ಎರಡು ದಿನ ಮುಂಚೆಯೇ ಹೋಗಿ ಟೇಪು ಹಿಡಿದು ಬಾಗಿಲು, ಗೋಡೆ, ಒಲೆಯಿಂದ ಎಷ್ಟು ದೂರ, ಎಲ್ಲಾ ಅಳೆದು ಬಂದಿದ್ದರು. ಏನು ಬೇಕು ಅಂತಲೂ ಕೇಳಿದ್ದರು. ನಾವು ಕೊಡಲು ಇಟ್ಟಿರುವುದು ಒಂದಾದರೆ ಅವರಿಗೆ ಬೇಕಾಗಿರುವುದು ಇನ್ನೊಂದಾಗಿರುತ್ತದೆ. ನಮ್ಮ ಕಡೆಯಿಂದ ಹೆಚ್ಚಾಗಿ ಬರುವುದು ಸೋಫಾ. ಅವರು ಕೇಳುವುದು ಮಂಚ, ಬೀರು, ಮಕ್ಕಳಿಗೆ ಒಂದು ಟೇಬಲ್ಲು. ಕಿಂಗ್ ಸೈಜ್ ಮಂಚ ಅಂದರೆ 6 ಅಡಿಗೆ ಆರೂವರೆ ಅಡಿ, ಹತ್ತಿರ ಹತ್ತಿರ 40 ಚದರಡಿ. ಹತ್ತಕ್ಕೆ ಹತ್ತರ ಕೋಣೆಯಲ್ಲಿ ಅದನ್ನು ಇಟ್ಟರೆ ಐದು ಜನ ಎಲ್ಲಿ ಊಟಕ್ಕೆ ಕೂರುತ್ತಾರೆ? ಮೂರು ಅಡಿ ಅಗಲದ ದಿವಾನ್ ಮಂಚಕ್ಕೆ ಅಷ್ಟು ಬೇಡಿಕೆ ಇರುವುದು ಅದಕ್ಕೇ.

ತಗಡಿನ ಮನೆಯಲ್ಲಿ ಮಂಚ ಅಂದರೆ ಮಲಗುವುದಕ್ಕೆ ಮಾತ್ರ ಅಲ್ಲ, ಇದು ನನಗೆ ಆ ದಿನ ಅರ್ಥವಾಯಿತು. ಮಳೆಗಾಲದಲ್ಲಿ ನೆಲದಿಂದ ನೀರು ಒಸರುತ್ತದೆ. ಇಲಿ, ಚೇಳು ಬರುತ್ತವೆ. ಬಾಣಂತಿ ಇದ್ದರೆ, ಮಗುವಿಗೆ ಜ್ವರ ಬಂದರೆ, ಒಣಗಿದ ಜಾಗ ಅಂತ ಇರುವುದು ಮಂಚ ಒಂದೇ. ಅಡಿಯಲ್ಲಿ ಪಾತ್ರೆ, ಟ್ರಂಕು, ಜೋಳದ ಚೀಲ. ಆಚಾರ್ರು ಜೋಡಿಸಿ ಮುಗಿಸಿದ ಮೇಲೆ ನಾಲ್ಕು ಕಾಲಿಗೂ ಒಂದೊಂದು ಇಟ್ಟಿಗೆ ಕೊಟ್ಟರು. ನೀರು ಬಂದರೂ ಮರಕ್ಕೆ ತಾಗಬಾರದು, ಅಡಿಗೆ ಟ್ರಂಕೂ ಹಿಡಿಸಬೇಕು. ಮೇಲೆ ಕೂತು ಎರಡು ಸಲ ಅಲ್ಲಾಡಿಸಿ ನೋಡಿದರು. ಕಿರ್ ಅಂದಿತು. ಮತ್ತೆ ಇಳಿದು ಒಂದು ಬೋಲ್ಟ್ ಬಿಗಿ ಮಾಡಿದರು.

ಆ ಮನೆಯ ಹೊಸ್ತಿಲಲ್ಲಿ ಹುಡುಗರು ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹೊರಗೆಲ್ಲ ಕೆಸರು, ತಲೆ ಮೇಲೆ ಮಂಚದ ತಲೆಹಲಗೆ. ಆದರೂ ಬಿಟ್ಟರು. "ಅಕ್ಕಾ, ಎಲ್ಲಿಡೋಣ?" ಅಂತ ಕೇಳಿದರು. ಆಯಮ್ಮ ಮೊದಲು "ಎಲ್ಲಾರ ಇಡ್ರಿ ಅಣ್ಣಾ" ಅಂದರು. ಹುಡುಗ ಹೊತ್ತುಕೊಂಡೇ ನಿಂತ. "ಇಲ್ಲಕ್ಕಾ, ನಿಮ್ಮನೆ. ನೀವೇ ಹೇಳಿ." ಆಮೇಲೆ ಆಯಮ್ಮ ಒಳಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ತೋರಿಸಿ ಜಾಗ ಹೇಳಿದರು. "ಈ ಗ್ವಾಡಿ ಕಡಿ. ತಲಿ ಆ ಕಡಿ ಬರ್ಲಿ." ಒಂದು ಸಲ ಇಟ್ಟ ಮೇಲೆ ಸರಿ ಕಾಣಲಿಲ್ಲ, ತಿರುಗಿಸಲು ಹೇಳಿದರು. ತಿರುಗಿಸಿದರು. ಹೊರಡುವಾಗ "ರೊಟ್ಟಿ ತಿಂದು ಹೋಗ್ರಿ" ಅಂತ ಬಿಡಲೇ ಇಲ್ಲ. ಎಲ್ಲರೂ ಆ ಮಂಚದ ಮೇಲೇ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

ಕೊನೆಗೆ ಡ್ರೈವರ್ ಅಣ್ಣ ಒಂದು ಚೀಟಿ ಕೊಟ್ಟು ಸಹಿ ಹಾಕಿಸಿಕೊಂಡರು. ಅಂಗಡಿಯಿಂದ ಸಾಮಾನು ಬಂದಾಗ ಹಾಕುತ್ತೇವಲ್ಲ, ಅಂಥದ್ದೇ. ನೋಡಿ, ಸರಿ ಇದ್ದರೆ ಮಾತ್ರ ಸಹಿ. ಬೇಡ ಅನ್ನಿಸಿದರೆ ವಾಪಸ್. ಅದೇ ದಿನ ಇನ್ನೊಂದು ಮನೆಯ ಅಜ್ಜಿ, ಟೇಬಲ್ಲಿನ ಒಂದು ಕಾಲು ಸರಿಯಿಲ್ಲ, ಬೇಡ ಅಂದುಬಿಟ್ಟರು. ಆಚಾರ್ರು ಒಂದು ಮಾತೂ ಆಡದೆ ಗಾಡಿಗೆ ಹಾಕಿಸಿದರು, ಸರಿ ಮಾಡಿ ಮುಂದಿನ ವಾರ ತರುತ್ತೇನೆ ಅಂದರು. ಪುಕ್ಕಟೆ ಬಂದಿದ್ದಕ್ಕೆ ಇಷ್ಟು ಮಾತೇ ಅಂತ ನನಗೂ ಒಂದು ಕ್ಷಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಡ್ರೈವರ್ ಅಣ್ಣ ಹೇಳಿದ್ದು ಕೇಳಿ ಆ ಯೋಚನೆ ಹೋಯಿತು. "ನಾವು ದಾನ ಕೊಡೋಕೆ ಬಂದಿಲ್ಲ ಮೇಡಂ. ಡೆಲಿವರಿಗೆ ಬಂದಿದ್ದೀವಿ."

ಇದು ಇವರೊಬ್ಬರದೇ ಯೋಚನೆ ಅಲ್ಲ. 2004ರ ಸುನಾಮಿ ಆದಾಗ ತಮಿಳುನಾಡಿನ ಕರಾವಳಿಯಲ್ಲಿ ಉಪಯೋಗಕ್ಕೆ ಬಾರದ ಹಳೆ ಬಟ್ಟೆ ರಾಶಿ ರಾಶಿ ಬಿದ್ದಿತ್ತು. ಕೊಟ್ಟವರು ಕೊಟ್ಟಿದ್ದರು, ತೆಗೆದುಕೊಳ್ಳುವವರಿಗೆ ಏನು ಬೇಕು ಅಂತ ಯಾರೂ ಕೇಳಿರಲಿಲ್ಲ. ದೆಹಲಿಯಲ್ಲಿ 1999ರಲ್ಲಿ ಗೂಂಜ್ ಸಂಸ್ಥೆ ಶುರು ಮಾಡಿದ ಅಂಶು ಗುಪ್ತಾ ಅವರು ವರ್ಷಗಳಿಂದ ಹೇಳುತ್ತಾ ಬಂದಿರುವುದೂ ತೆಗೆದುಕೊಳ್ಳುವವರ ಮರ್ಯಾದೆಯ ಬಗ್ಗೆಯೇ. ಅವರ ಸಂಸ್ಥೆ ಸುಮ್ನೆ ಬಟ್ಟೆ ಹಂಚುವುದಿಲ್ಲ. ಊರಿನವರು ತಮ್ಮ ಬಾವಿಯನ್ನೋ ದಾರಿಯನ್ನೋ ತಾವೇ ಸರಿ ಮಾಡಿಕೊಂಡು, ಆ ದುಡಿಮೆಗೆ ಬಟ್ಟೆ ಪಡೆಯುತ್ತಾರೆ. ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ಡ್ರೈವರ್ ಅಣ್ಣ ಅದನ್ನೆಲ್ಲ ಓದಿದವರಲ್ಲ. ದಿನಾ ಜನರ ಮನೆ ಬಾಗಿಲಲ್ಲಿ ನಿಂತು ಕಲಿತಿದ್ದಾರೆ.

ಒಂದು ತಪ್ಪನ್ನೂ ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಹೋದ ವರ್ಷ ನಾವೇ ಶಾಲೆಯಲ್ಲಿ ಸಾಮಾನು ಸೇರಿಸಿದಾಗ, ಅವಸರದಲ್ಲಿ ಒಂದು ಹಾಸಿಗೆಯನ್ನು ನೋಡದೆ ಕಳಿಸಿಬಿಟ್ಟೆ. ಅದರಲ್ಲಿ ತಿಗಣೆ ಇತ್ತು. ಒಂದೇ ಕೋಣೆಯ ಮನೆಗೆ ತಿಗಣೆ ಹೊಕ್ಕರೆ ಏನಾಗುತ್ತದೆ ಅಂತ ಯೋಚಿಸಿ. ಆ ಮನೆಯವರು ನನ್ನನ್ನು ಬೈಯಲಿಲ್ಲ. ಆಚಾರ್ರು ಮತ್ತು ಹುಡುಗರು ತಮ್ಮ ರಜೆಯ ದಿನ ಹೋಗಿ, ಹಾಸಿಗೆ ತೆಗೆದು, ಮಂಚದ ಸಂದಿಗಳಿಗೆಲ್ಲ ಕುದಿಯುವ ನೀರು ಹೊಯ್ದು, ಬಿಸಿಲಿಗೆ ಒಣಗಿಸಿ ಕೊಟ್ಟು ಬಂದರು. ಅದು ಈಗಲೂ ನನ್ನನ್ನು ಚುಚ್ಚುತ್ತದೆ. ಅಂದಿನಿಂದ ಬಳಸಿದ ಹಾಸಿಗೆ, ದಿಂಬು ನಾವು ತೆಗೆದುಕೊಳ್ಳುತ್ತಿಲ್ಲ. ಹರಿದ ಸೋಫಾ, ಉಬ್ಬಿದ ಪಾರ್ಟಿಕಲ್ ಬೋರ್ಡ್ ಕೂಡ ಬೇಡ. ನಿಮ್ಮ ಮನೆಗೆ ನೆಂಟರು ಬಂದರೆ ಆ ಕುರ್ಚಿಯಲ್ಲಿ ಕೂರಿಸುತ್ತೀರಾ? ಹೌದು ಅನ್ನಿಸಿದರೆ ಕೊಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ನಮ್ಮ ಶಾಲೆಯಲ್ಲಿ ಕೊಡುವ ಮನೆಯ ಮಗುವೂ ತೆಗೆದುಕೊಳ್ಳುವ ಮನೆಯ ಮಗುವೂ ಒಂದೇ ಬೆಂಚಿನಲ್ಲಿ ಕೂರುತ್ತವೆ. ಇದು ನಮ್ಮ ಶಾಲೆಯ ದೊಡ್ಡ ಭಾಗ್ಯ ಅಂತ ನಾನು ನಂಬಿದ್ದೇನೆ. ಅದಕ್ಕೇ ಯಾರ ಸಾಮಾನು ಯಾರ ಮನೆಗೆ ಹೋಯಿತು ಅನ್ನುವುದು ನಿಮಗೆ ಗೊತ್ತಾಗುವುದಿಲ್ಲ, ಕೇಳಬೇಡಿ. ತಂಡದವರು ಫೋಟೋ ತೆಗೆಯುವುದಿಲ್ಲ. ಸಾಮಾನನ್ನು ಒರೆಸಿ, ಪಾಲಿಶ್ ಹಾಕಿ, ಹೊದಿಕೆ ಸುತ್ತಿ ತರುವುದು ಕೂಡ ಇದಕ್ಕೇ. ಅಕ್ಕಪಕ್ಕದವರ ಕಣ್ಣಿಗೆ ಅದು ಅಂಗಡಿಯಿಂದ ಬಂದ ಹಾಗೆ ಕಾಣುತ್ತದೆ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ "ನಮ್ಮ ಮನೆಯ ಟೇಬಲ್ಲು ಕೊಟ್ಟೆವು" ಎಂದು ಹಾಕಬೇಡಿ. ನೀವು ಒಳ್ಳೆ ಮನಸ್ಸಿನಿಂದಲೇ ಹಾಕಿರುತ್ತೀರಿ. ಆದರೆ ಆ ಟೇಬಲ್ಲಿನ ಮೇಲೆ ಲೆಕ್ಕ ಮಾಡುವ ಮಗು ಫೋಟೋ ನೋಡಿದರೆ ಮರುದಿನ ನಿಮ್ಮ ಮಗುವಿನ ಪಕ್ಕ ಹೇಗೆ ಕೂರುತ್ತದೆ?

ತಂಡದವರ ಸಂಬಳದ ಬಗ್ಗೆಯೂ ಕೆಲವರು ಕೇಳಿದ್ದೀರಿ. ಹೌದು, ಇವರು ಸಂಬಳಕ್ಕೆ ದುಡಿಯುವವರು, ಹಾಗೇ ಇರಬೇಕು. ಇದು ಕಲಿತು ಮಾಡುವ ಕೆಲಸ, ಬೆನ್ನು ಮಂಡಿ ಸವೆಸುವ ಕೆಲಸ. ಒಳ್ಳೆಯ ಕೆಲಸ ಅಂದ ಮಾತ್ರಕ್ಕೆ ಪುಕ್ಕಟೆ ಮಾಡಿಸಬಾರದು. ಶಾಲೆ ಇದಕ್ಕಾಗಿ ಯಾರಿಂದಲೂ ಹಣ ತೆಗೆದುಕೊಳ್ಳುವುದಿಲ್ಲ. ಸಾಗಣೆ ಖರ್ಚಿಗೆ ಕೊಡಲು ಇಷ್ಟ ಇರುವವರು ತಂಡಕ್ಕೇ ನೇರವಾಗಿ ಕೊಟ್ಟು ರಸೀದಿ ಪಡೆಯಿರಿ.

ರಜೆಗೆ ಮುಂಚಿನ ಎರಡು ಶನಿವಾರ ಗಾಡಿ ಬರುತ್ತದೆ. ಕೊಡುವವರು ಬುಧವಾರದೊಳಗೆ ತರಗತಿ ಶಿಕ್ಷಕರ ಹತ್ತಿರ ಸಾಮಾನಿನ ಉದ್ದ, ಅಗಲ, ಎತ್ತರ ಅಳೆದು ಬರೆದು ಕೊಡಿ. ನಿಮ್ಮ ಮಗುವಿನ ಕೈಗೆ ಟೇಪು ಕೊಟ್ಟು ಅಳೆಸಿದರೆ ಇನ್ನೂ ಒಳ್ಳೆಯದು. ಗಾಡಿಯ ಹಿಂಭಾಗ ಸುಮಾರು 7 ಅಡಿ ಉದ್ದ, ಅದಕ್ಕಿಂತ ದೊಡ್ಡದು ಬಿಚ್ಚಲು ಬರುವಂತಿರಬೇಕು. ಬೆಳಗಿನ ಪೀಕ್ ಅವರ್‌ನಲ್ಲಿ ಗೂಡ್ಸ್ ಗಾಡಿಗಳಿಗೆ ಹಲವು ರಸ್ತೆಗಳಲ್ಲಿ ನಿರ್ಬಂಧ ಇರುವುದರಿಂದ ಹನ್ನೊಂದು ಗಂಟೆಯ ಮೇಲೆಯೇ ಬರುತ್ತಾರೆ, ತಡ ಅಂತ ಫೋನ್ ಮೇಲೆ ಫೋನ್ ಮಾಡಬೇಡಿ. ಬೀರುವಿನ ಬೀಗದ ಕೈ ಹುಡುಕಿ ಇಡಿ, ಒಳಗೆ ಕಾಗದ ಪತ್ರ ಉಳಿದಿದೆಯಾ ನೋಡಿ.

ನಿಮಗೂ ಏನಾದರೂ ಬೇಕಿದ್ದರೆ ನನ್ನ ಕೋಣೆಗೆ ಬನ್ನಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಒಬ್ಬಳೇ ಇರುತ್ತೇನೆ. ಏನು ಬೇಕು ಅಂತ ಹೇಳಿದರೆ ಸಾಕು, ಯಾಕೆ ಅಂತ ಕೇಳುವುದಿಲ್ಲ.

ಹುಡುಗರು ನಿಮ್ಮ ಮನೆಗೆ ಬಂದಾಗ ಫ್ಯಾನ್ ಹಾಕಿ, ಕೂರಲು ಹೇಳಿ. ನೀರು ಕೊಡಿ. ಕಾಫಿ ಬೇಡ ಅನ್ನುತ್ತಾರೆ, ಎರಡನೇ ಸಲ ಕೇಳಿದರೆ ಕುಡಿಯುತ್ತಾರೆ.

ನಿಮ್ಮ,
ಮುಖ್ಯ ಶಿಕ್ಷಕಿ