ಬುಗುರಿಯ ಮೇಲಿನ ಒಂದಕ್ಷರ

ಪ್ರೀತಿಯ ಗೆಳೆಯಾ,

ಹೇಗಿದ್ದೀಯೋ? ಮೊನ್ನೆ ಫೋನಿನಲ್ಲಿ ‘ನಿಮ್ಮ ಶಾಲೆಗೂ ಇಸ್ರೇಲಿನ ಶಾಲೆಗೂ ಏನೋ ನಂಟಿದೆಯಂತಲ್ಲ, ಏನದು?’ ಅಂತ ಕೇಳಿದೆ. ಅಷ್ಟರಲ್ಲಿ ನನ್ನ ಬಸ್ಸು ಬಂತು, ಮಾತು ಅರ್ಧಕ್ಕೇ ನಿಂತಿತು. ಇವತ್ತು ರಜ, ನಿಧಾನವಾಗಿ ಬರೆಯುತ್ತೇನೆ.

ನಾನು ಇಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗಣಿತ ಹೇಳಿಕೊಡುವುದು ಯಹೂದಿ ಮಕ್ಕಳ ಖಾಸಗಿ ಶಾಲೆಯಲ್ಲಿ. ಬೇರೆ ಪಾಠಗಳ ಜೊತೆಗೆ ಹೀಬ್ರೂ, ಅವರ ಧರ್ಮಗ್ರಂಥ ತೋರಾ, ಬೆಳಗಿನ ಪ್ರಾರ್ಥನೆ ಎಲ್ಲ ಇರುತ್ತವೆ. ನಮಗೆ ಟೆಲ್ ಅವೀವ್‌ನ ಒಂದು ಶಾಲೆ ಜೋಡಿ. ನಮ್ಮದೊಂದೇ ಅಲ್ಲ. ಇಸ್ರೇಲಿನ ಊರುಗಳನ್ನೂ ಹೊರದೇಶದ ಯಹೂದಿ ಸಮುದಾಯಗಳನ್ನೂ ಜೋಡಿ ಮಾಡುವ ಕೆಲಸವನ್ನು ಯಹೂದಿ ಏಜೆನ್ಸಿ ಅನ್ನುವ ಸಂಸ್ಥೆ 1994ರಲ್ಲಿ ಶುರು ಮಾಡಿತು. ಲಾಸ್ ಏಂಜಲೀಸ್‌ಗೆ ಟೆಲ್ ಅವೀವ್, ಬೋಸ್ಟನ್‌ಗೆ ಹೈಫಾ, ಹೀಗೆ. ಅಲ್ಲಿಯವರೆಗೆ ನಂಟು ಅಂದರೆ ಹೆಚ್ಚಾಗಿ ಇಲ್ಲಿಂದ ಚೆಕ್ ಹೋಗುವುದು, ಅಲ್ಲಿಂದ ಕೃತಜ್ಞತೆಯ ಪತ್ರ ಬರುವುದು. ಬರೀ ದುಡ್ಡಿನ ನಂಟು ಸಾಲದು, ಮನುಷ್ಯರ ಮುಖ ಪರಿಚಯವೂ ಆಗಲಿ ಅನ್ನುವುದು ಇದರ ಯೋಚನೆ. ಅದರ ಭಾಗವಾಗಿಯೇ ಶಾಲೆಗಳ ಜೋಡಿ.

ನನ್ನ ಪಾಲಿಗೆ ಬಂದದ್ದು ಸಮಯದ ಲೆಕ್ಕ. ಗಣಿತದ ಮೇಷ್ಟ್ರಲ್ವಾ! ಎರಡೂ ಊರಿಗೆ ಹತ್ತು ಗಂಟೆ ವ್ಯತ್ಯಾಸ. ನಮ್ಮ ಬೆಳಗಿನ ಎಂಟು ಅವರಿಗೆ ಸಂಜೆ ಆರು. ಆ ಮಕ್ಕಳು ಆಟ ಬಿಟ್ಟು ಬಂದು ಕ್ಯಾಮೆರಾ ಮುಂದೆ ಕೂರಬೇಕು. ಮಾರ್ಚ್‌ನಲ್ಲಿ ಇನ್ನೂ ಒಂದು ಫಜೀತಿ. ಗಡಿಯಾರ ಮುಂದಿಡುವ ದಿನ ಅಮೆರಿಕಕ್ಕೆ ಬೇರೆ, ಇಸ್ರೇಲಿಗೆ ಬೇರೆ. ನಡುವೆ ಕೆಲವು ದಿನ ವ್ಯತ್ಯಾಸ ಒಂಬತ್ತೇ ಗಂಟೆ. ಇದನ್ನು ಮರೆತವನು ನಾನೇ. ನಮ್ಮ ಮಕ್ಕಳು ಖಾಲಿ ಪರದೆ ನೋಡುತ್ತಾ ಕೂತಿದ್ದರು. ಇನ್ನು ವಾರದ ಲೆಕ್ಕ ಬೇರೆ: ಅಲ್ಲಿ ಭಾನುವಾರ ಶಾಲೆ ಇರುತ್ತದೆ, ನಮಗೆ ರಜ.

ಆದರೆ ನಿನಗೆ ಹೇಳಬೇಕು ಅಂದುಕೊಂಡದ್ದು ಬುಗುರಿಯ ಕಥೆ.

ಹನುಕ್ಕಾ ಅಂತ ಅವರ ದೀಪದ ಹಬ್ಬ. ಒಂದು ದಿನಕ್ಕಾಗುವಷ್ಟು ಎಣ್ಣೆ ಜೆರುಸಲೇಮಿನ ದೇವಾಲಯದಲ್ಲಿ ಎಂಟು ದಿನ ಉರಿಯಿತು ಅನ್ನುವ ಪವಾಡದ ನೆನಪು. ಆಗ ಮಕ್ಕಳು ನಾಲ್ಕು ಮೈಯ ಬುಗುರಿ ಆಡುತ್ತಾರೆ. ಇಲ್ಲಿ ಅದಕ್ಕೆ ಡ್ರೈಡೆಲ್ ಅನ್ನುತ್ತಾರೆ, ಅಲ್ಲಿ ಸೆವಿವೋನ್. ಒಂದೊಂದು ಮೈಗೆ ಒಂದೊಂದು ಹೀಬ್ರೂ ಅಕ್ಷರ. ಹೋದ ಸಲ ಟೆಲ್ ಅವೀವ್ ಮಕ್ಕಳು ಒಂದು ಡಬ್ಬಿ ತುಂಬ ಬುಗುರಿ ಕಳಿಸಿದ್ದರು. ನಮ್ಮ ಹುಡುಗ ಒಬ್ಬ ತಿರುಗಿಸಿ ನೋಡಿದವನೇ, ‘ಸರ್, ಇದರಲ್ಲಿ ಒಂದಕ್ಷರ ತಪ್ಪಾಗಿದೆ’ ಅಂದ. ಇನ್ನೊಂದು ತೆಗೆದ, ಅದರಲ್ಲೂ ತಪ್ಪು. ಡಬ್ಬಿಯ ಎಲ್ಲದರಲ್ಲೂ ತಪ್ಪು!

ನನಗೇನು ಗೊತ್ತು? ಹೀಬ್ರೂ ಟೀಚರ್ ಹತ್ತಿರ ಓಡಿದೆವು. ಅವರು ನಕ್ಕರು. ಆ ನಾಲ್ಕು ಅಕ್ಷರ ಒಂದು ವಾಕ್ಯದ ನಾಲ್ಕು ಪದಗಳ ಮೊದಲಕ್ಷರವಂತೆ. ನಮ್ಮ ಬುಗುರಿಯಲ್ಲಿ ಕೊನೆಯದು ‘ಶಿನ್’. ‘ಶಾಮ್’ ಅಂದರೆ ಅಲ್ಲಿ. ‘ದೊಡ್ಡ ಪವಾಡ ಅಲ್ಲಿ ನಡೆಯಿತು.’ ಇಸ್ರೇಲಿನದರಲ್ಲಿ ಕೊನೆಯದು ‘ಪೇ’. ‘ಪೋ’ ಅಂದರೆ ಇಲ್ಲಿ. ‘ದೊಡ್ಡ ಪವಾಡ ಇಲ್ಲಿ ನಡೆಯಿತು.’ ಆ ಹುಡುಗ ತುಂಬ ಹೊತ್ತು ಸುಮ್ನೆ ಬುಗುರಿ ನೋಡುತ್ತಿದ್ದ.

ನನಗನ್ನಿಸುವುದು ಏನು ಗೊತ್ತಾ? ಈ ಕಾರ್ಯಕ್ರಮದ ಕಾಗದಗಳಲ್ಲಿ ‘ನಾವೆಲ್ಲ ಒಂದೇ’ ಅನ್ನುವ ಮಾತು ಜಾಸ್ತಿ. ಮಕ್ಕಳು ಮಾತಿಗೆ ಕೂತರೆ ಮೊದಲು ಸಿಗುವುದು ‘ನಾವು ಒಂದೇ ಥರ ಇಲ್ಲವಲ್ಲ’ ಅನ್ನುವ ಅಚ್ಚರಿ. ಮಾತು ಕಳೆಗಟ್ಟುವುದೂ ಅಲ್ಲಿಂದಲೇ. ನಮ್ಮ ಮಕ್ಕಳಿಗೆ ಪ್ರಾರ್ಥನೆಗಳು ಬಾಯಿಪಾಠ, ಹೀಬ್ರೂ ಮಾತಾಡು ಅಂದರೆ ತಡವರಿಕೆ. ಆ ಕಡೆಯವರಿಗೆ ಜಗಳವಾಡುವ ಭಾಷೆಯೂ ಹೀಬ್ರೂನೇ, ಆದರೆ ಅವರ ಶಾಲೆಯಲ್ಲಿ ಪ್ರಾರ್ಥನೆ ಇಲ್ಲ, ಸಿನಗಾಗ್ ಕಡೆ, ಅಂದರೆ ಅವರ ಪ್ರಾರ್ಥನಾ ಮಂದಿರದ ಕಡೆ, ಹೋಗದವರೇ ಬಹಳ. ‘ದಿನಾ ಪ್ರಾರ್ಥನೆ ಮಾಡ್ತೀರಾ? ನೀವು ಅಷ್ಟು ಮಡಿವಂತರಾ?’ ಅಂತ ಒಬ್ಬಳು ಕೇಳಿದಳು. ನಮ್ಮವರು ‘ಹದಿನೆಂಟಕ್ಕೆ ಸೈನ್ಯಕ್ಕೆ ಹೋಗಲೇಬೇಕಾ? ಹೆದರಿಕೆ ಆಗಲ್ವಾ?’ ಅಂತ ಕೇಳಿದರು. ಅವಳು ಭುಜ ಕುಣಿಸಿ, ‘ನಮ್ಮಣ್ಣ ಹೋಗಿದ್ದಾನೆ’ ಅಂದಳು. ಅಷ್ಟೇ.

ಪಾಸೋವರ್ ಅನ್ನುವ ಹಬ್ಬದ ಊಟದ್ದೂ ಹೀಗೇ. ಅಲ್ಲಿ ಒಂದು ರಾತ್ರಿ, ಇಲ್ಲಿ ಬಹಳ ಮನೆಗಳಲ್ಲಿ ಎರಡು. ಹಿಂದೆ ಹೊಸ ಚಂದ್ರ ಕಂಡ ಸುದ್ದಿ ಜೆರುಸಲೇಮಿನಿಂದ ದೂರದೂರಿಗೆ ತಲುಪುವುದು ತಡವಾಗುತ್ತಿತ್ತು. ತಿಥಿ ತಪ್ಪದಿರಲಿ ಅಂತ ಹೊರಗಿನವರು ಎರಡೂ ದಿನ ಮಾಡಿದರು. ಈಗ ಕ್ಯಾಲೆಂಡರ್ ಗೋಡೆ ಮೇಲಿದೆ, ರೂಢಿ ಮಾತ್ರ ಹೋಗಿಲ್ಲ. ನಮ್ಮ ಮಠದ ಬೀದಿಯ ಎರಡೆರಡು ಏಕಾದಶಿ ನೆನಪಾಯಿತು ಕಣೋ.

2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿ ಗಾಜಾದಲ್ಲಿ ಯುದ್ಧ ಶುರುವಾದ ನಂತರ ಮಾತಿನ ಧಾಟಿಯೇ ಬದಲಾಯಿತು. ಟೆಲ್ ಅವೀವ್‌ನಲ್ಲಿ ಶಾಲೆಗಳು ಮುಚ್ಚಿದ್ದವು. ಪಾಠದ ವಿಷಯ ಬಿಟ್ಟು ಸುಮ್ನೆ ಕರೆ ಮಾಡಿದೆವು. ಒಬ್ಬ ಹುಡುಗ ರಾಕೆಟ್ ಬಿದ್ದಾಗ ಅಡಗಿಕೊಳ್ಳಲು ಮನೆಯೊಳಗೆ ಇರುವ ಗಟ್ಟಿ ಗೋಡೆಯ ಕೋಣೆಯಿಂದ, ಅದಕ್ಕೆ ಮಮಾದ್ ಅನ್ನುತ್ತಾರೆ, ತನ್ನ ಬೆಕ್ಕು ತೋರಿಸಿದ. ನಮ್ಮ ಮಕ್ಕಳು ಏನು ಕೇಳುವುದೋ ತಿಳಿಯದೆ ಬೆಕ್ಕಿನ ಹೆಸರು ಕೇಳಿದರು.

ಒಂದು ಮುಜುಗರವನ್ನೂ ಬರೆದುಬಿಡುತ್ತೇನೆ. ಇಸ್ರೇಲಿನ ಪ್ರಜೆಗಳಲ್ಲಿ ಐವರಿಗೊಬ್ಬರು ಅರಬರು. ಅವರ ಮಕ್ಕಳು ಹೆಚ್ಚಾಗಿ ಓದುವುದು ಬೇರೆಯೇ ಶಾಲೆಗಳಲ್ಲಿ, ಅರಬ್ಬಿ ಭಾಷೆಯಲ್ಲಿ. ನಮ್ಮ ಪರದೆಯ ಮೇಲೆ ಅವರು ಯಾರೂ ಬರುವುದಿಲ್ಲ. ಗಾಜಾದ ಮಕ್ಕಳ ಮಾತಂತೂ ನಮ್ಮ ತರಗತಿಯಲ್ಲಿ ಒಮ್ಮೆ ಮಾತ್ರ ಬಂತು, ಒಬ್ಬ ಹುಡುಗಿಯ ಪ್ರಶ್ನೆಯಾಗಿ. ಟೀಚರ್ ಉತ್ತರಿಸಲು ಪ್ರಯತ್ನಪಟ್ಟರು, ಅಷ್ಟರಲ್ಲಿ ಗಂಟೆ ಹೊಡೆಯಿತು. ಇದು ಯಹೂದಿಗಳ ನಡುವಿನ ನಂಟಿಗಾಗಿಯೇ ಮಾಡಿದ ವ್ಯವಸ್ಥೆ, ಅದು ನನಗೂ ಗೊತ್ತು. ಆದರೂ ಮನಸ್ಸಿಗೆ ಚುಚ್ಚುತ್ತದೆ.

ಸರಿ, ಪತ್ರ ಉದ್ದವಾಯಿತು. ಮುಂದಿನ ತಿಂಗಳು ಊರಿಗೆ ಬರುವ ಸ್ನೇಹಿತರ ಕೈಲಿ ನಿನ್ನ ಮಗಳಿಗೆ ಒಂದು ಬುಗುರಿ ಕಳಿಸುತ್ತಿದ್ದೇನೆ. ಇಲ್ಲಿನ ಅಂಗಡಿಯದು, ‘ಅಲ್ಲಿ ನಡೆಯಿತು’ ಅನ್ನುವುದು. ನಿಮ್ಮೂರಿಂದ ನೋಡಿದರೂ ಅದೇ ಸರಿ, ಅಲ್ವಾ?

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಹಳೇ ಬೆಂಚಿನ ಗೆಳೆಯ