ಘಾಟಿ ರೈಡಿಗೆ ಮುನ್ನ: ಹೆಲ್ಮೆಟ್ ಇಂಟರ್‌ಕಾಮ್
ಎಲ್ಲರ ಗಮನಕ್ಕೆ. ಇಂಟರ್‌ಕಾಮ್ ಅಂದರೆ ಗಾಡಿ ಓಡಿಸುತ್ತಲೇ ಒಬ್ಬರಿಗೊಬ್ಬರು ಮಾತಾಡೋಕೆ ಹೆಲ್ಮೆಟ್‌ಗೆ ಹಾಕೋ ಸಾಧನ. ಬ್ಲೂಟೂತ್ ಇಂಟರ್‌ಕಾಮ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಸರಪಳಿ. ತಿರುವಿನಲ್ಲಿ ನಡುವಿನವರು ಹಿಂದೆ ಬಿದ್ದರೆ ಅವರ ಹಿಂದಿನವರೂ ಕಟ್. ಹಾಗಾಗಿ ಪೇರ್ ಮಾಡಿದ ಕ್ರಮದಲ್ಲೇ ಗಾಡಿ ಓಡಿಸಿ. ಮೆಶ್ ಬಗೆಯ ಇಂಟರ್‌ಕಾಮ್‌ನಲ್ಲಿ ಸರಪಳಿಯ ಬದಲು ಎಲ್ಲರೂ ಬಲೆಯಂತೆ ಸೇರಿರುತ್ತಾರೆ, ಈ ತಲೆನೋವಿಲ್ಲ. ಆದರೆ ಕಾರ್ಡೋ (Cardo) ಕಂಪನಿಯ ಮೆಶ್‌ಗೂ ಸೇನಾ (Sena) ಕಂಪನಿಯ ಮೆಶ್‌ಗೂ ಆಗಿಬರಲ್ಲ, ಬ್ಲೂಟೂತ್ ಮೂಲಕವೇ ಸೇರಿಸಬೇಕು.

ದನಿ ಸಾಲದು ಅನ್ನೋ ದೂರು ಬಹುಪಾಲು ಸ್ಪೀಕರ್ ಕೂರಿಸಿದ ಜಾಗದ್ದು. ಹೆಲ್ಮೆಟ್ ಹಾಕಿಕೊಂಡು ಕಿವಿಯ ತೂತು ಎಲ್ಲಿ ಬರುತ್ತೆ ನೋಡಿ; 1 ಸೆಂ.ಮೀ. ಆಚೀಚೆಯಾದರೂ ಬೇಸ್ (ಹಾಡಿನ ತಗ್ಗು ದನಿ) ಮಾಯ. ಹಿಂದೆ ಸ್ಪಾಂಜ್ ಕೊಟ್ಟು ಕಿವಿಗೆ ಹತ್ತಿರ ತನ್ನಿ, ಒತ್ತಬಾರದು. ಜಾಗ ಸಾಲದು ಅಂತ ಒಳಗಿನ ಥರ್ಮಾಕೋಲ್ ಕೆತ್ತಲೇಬೇಡಿ, ಪೆಟ್ಟು ತಡೆಯೋದು ಅದೇ. ಗದ್ದವೂ ಮುಚ್ಚೋ ಫುಲ್ ಫೇಸ್ ಹೆಲ್ಮೆಟ್‌ಗೆ ವೈರ್ ಮೈಕ್, ಮುಖ ತೆರೆದಿರೋ ಓಪನ್ ಫೇಸ್‌ಗೆ ಕಡ್ಡಿ ಮೈಕ್. ಮಳೆ ಇದ್ದರೆ ಚಾರ್ಜಿಂಗ್ ಪೋರ್ಟಿನ ಮುಚ್ಚಳ ಒತ್ತಿ ಹಾಕಿ.